ಕುಸುಬಿ ಎಣ್ಣೆಯ ಗಾಲಿ

ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಸುರಪುರದ ಶಾಲೆಯ ಬಯಲಿನಲ್ಲಿ ಸೈಕಲ್ ಸಂಘದ ಗಾಡಿಗಳೆಲ್ಲ ಸಾಲಾಗಿ ನಿಂತಿದ್ದವು, ಒಂದೊಂದರ ಹ್ಯಾಂಡಲ್ಲಿಗೂ ಒಂದೊಂದು ಬಾವುಟ. ಲಾಲಪ್ಪ ತನ್ನ ಗಾಡಿಯ ಪಕ್ಕದಲ್ಲಿ ಎರಡೂ ಕೈಗಳನ್ನು ಕರಿಕೋಟಿನ ಜೇಬಿಗೆ ತುರುಕಿಕೊಂಡು ನಿಂತಿದ್ದ. ಚಳಿಗೆ ಹಾಗೆ ನಿಂತಿದ್ದಾನೆಂದು ನೋಡಿದವರು ತಿಳಿದುಕೊಳ್ಳಲಿ. ಆ ಕೈಗಳನ್ನು ಹೊರಗೆ ಬಿಟ್ಟರೆ ಅವು ತಮ್ಮಷ್ಟಕ್ಕೆ ತಾವೇ ಪಕ್ಕದ ಗಾಡಿಯ ಟೈರು ಒತ್ತಿ ನೋಡುತ್ತವೆ, ಬ್ರೇಕು ಹಿಡಿದು ಬಿಡುತ್ತವೆ, ಗಂಟೆಯ ಮುಚ್ಚಳ ತಿರುವುತ್ತವೆ ಎಂಬುದು ಅವನಿಗೆ ಗೊತ್ತಿತ್ತು. ಅಯ್ಯಣ್ಣನ ಗಾಡಿಯ ಚೈನು ಜೋತು ಬಿದ್ದದ್ದು ಇಲ್ಲಿಂದಲೇ ಕಾಣುತ್ತಿತ್ತು. ಕುರುಡನಿಗೂ ಕಾಣುವಂತಿತ್ತು. ಆದರೆ ಅಯ್ಯಣ್ಣ ಅದನ್ನು ಬಿಟ್ಟು ಮಡ್‌ಗಾರ್ಡ್ ಒರೆಸುತ್ತ, ಟೈರಿಗೆ ಗಾಳಿ ಎಷ್ಟಿರಬೇಕೆಂದು ಪಕ್ಕದವನಿಗೆ ಪಾಠ ಹೇಳುತ್ತಿದ್ದ. ಮೊನ್ನೆ ಮೊನ್ನೆಯವರೆಗೆ ಪಂಪಿನ ತುದಿ ಯಾವುದು ಬುಡ ಯಾವುದು ತಿಳಿಯದಿದ್ದವನು. ಈಗ ಸಂಘದಲ್ಲಿ ಎಲ್ಲರೂ ಪಂಡಿತರೇ. ಬಿದ್ದವನಿಗೆ ಆಳಿಗೊಂದು ಕಲ್ಲು ಅನ್ನುವುದು ಸುಳ್ಳಲ್ಲ ಎಂದುಕೊಂಡು ಲಾಲಪ್ಪ ಜೇಬಿನೊಳಗಿನ, ನಟ್ಟು ತಿರುವುವ ಪಾನಾವನ್ನು ಬಿಗಿಯಾಗಿ ಹಿಡಿದ.

ಪಾನಾ ತರಬಾರದಿತ್ತು. ಬೇರೆಯವರ ಗಾಡಿಗೆ ಕೈ ಹಚ್ಚಕೂಡದು ಎಂದು ಸಂಘದ ಸಭೆಯಲ್ಲಿ ಎಲ್ಲರೆದುರು ಠರಾವಾಗಿತ್ತು. ಹತ್ತಿ ವ್ಯಾಪಾರದ ಭಾಗಣ್ಣ ಸಂಘದ ಅಧ್ಯಕ್ಷ. ಆತ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, "ಲಾಲಪ್ಪ, ನಿನ್ನ ಗಾಡಿ ನೀ ನೋಡ್ಕೊ. ಮಂದಿ ಗಾಡಿ ಉಸಾಬರಿ ನಿನಗ ಬ್ಯಾಡ. ಒಪ್ಪಿಗಿ ಇದ್ರ ಯಾದಗಿರಿಗೆ ಬಾ, ಇಲ್ಲಾಂದ್ರ ಮನ್ಯಾಗ ಇರು" ಅಂದಿದ್ದ. ಇವತ್ತಿನಿಂದ ಈ ಸೀಮೆ ಕನ್ನಡಿಗರ ಹೊಸ ರಾಜ್ಯಕ್ಕೆ ಸೇರುತ್ತದೆ. ಯಾದಗಿರಿಯಲ್ಲಿ ಸಭೆ, ಭಾಷಣ, ಪೇಢೆ. ಸುರಪುರದವರು ಶಹಾಪುರದ ಮೇಲೆ ಹಾಯ್ದು ಸೈಕಲ್ ಮೇಲೆಯೇ ಹೋಗಬೇಕೆಂದು ವರ್ಷದಿಂದ ಕನಸು ಕಟ್ಟಿದವನು ಯಾರು? ಲಾಲಪ್ಪ. ಕನಸು ತನ್ನದು, ಅಪ್ಪಣೆ ಭಾಗಣ್ಣನದು. ನಸುಕಿನಲ್ಲಿ ರೊಟ್ಟಿಯ ಗಂಟು ಕಟ್ಟುತ್ತ ಹೆಂಡತಿ ರೇಣಮ್ಮ, "ಕೈ ಕಟಗೊಂಡು ಅಷ್ಟು ದೂರ ಹೋಗಿ ಏನ್ ಮಾಡ್ತೀರಿ? ಜ್ವರ ಬಂದಾವ ಅಂತ ಹೇಳಿ ಕಳಸ್ತೀನಿ" ಅಂದಳು. ಹೋಗುತ್ತೇನೆ ಎಂದ. ಯಾಕೆ ಎಂದಳು. ಹೋಗದಿದ್ದರೆ ತಪ್ಪು ತನ್ನದೆಂದು ಸಂಘದವರು ಹೇಳಿದ್ದೇ ನಿಜವಾಗುತ್ತದೆ, ಅಷ್ಟೇ.

ಅವನನ್ನು ಯಾರೂ ನೇಮಿಸಿರಲಿಲ್ಲ ಎಂಬುದು ನಿಜ. ಸಂಘ ಕಟ್ಟಿದ ದಿನ ಅಧ್ಯಕ್ಷ ಯಾರು, ಖಜಾಂಚಿ ಯಾರು, ಬಾವುಟ ಹಿಡಿಯುವವರು ಯಾರು ಎಂದು ಬೆವರಿಳಿಯುವಷ್ಟು ವಾದವಾಯಿತು. ಗಾಡಿಗಳನ್ನು ನೋಡಿಕೊಳ್ಳುವವರು ಯಾರೆಂದು ಒಬ್ಬನೂ ಕೇಳಲಿಲ್ಲ. ಲಾಲಪ್ಪ ಮರುದಿನ ಪಾನಾ, ಹರಕು ಬನಿಯನ್ ಬಟ್ಟೆ, ಎಣ್ಣೆಯ ಬಾಟಲಿ ಹಿಡಿದುಕೊಂಡು ಬಂದ. ಮೊದಲು ಒಬ್ಬಿಬ್ಬರು ನಕ್ಕರು. ಆಮೇಲೆ ಅವರೇ ಗಾಡಿ ತಂದು ಮುಂದೆ ನಿಲ್ಲಿಸಿ, "ಲಾಲಪ್ಪ, ಕಿರ್ ಅನ್ನಾಕತ್ತದ ನೋಡು" ಅನ್ನತೊಡಗಿದರು. ಅವನು ಕಿವಿ ಹಚ್ಚುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ತಿಳಿಯಲಿ ಬಿಡಲಿ ಹ್ಞೂಂ ಅನ್ನುತ್ತಿದ್ದ. ಎಷ್ಟೋ ಸಲ ತಿಳಿಯುತ್ತಿರಲಿಲ್ಲ. ಎಲ್ಲಿಯೋ ಒಂದು ನಟ್ಟು ಬಿಗಿ ಮಾಡಿದರೆ ಸದ್ದು ನಿಲ್ಲುತ್ತಿತ್ತು, ಯಾಕೆ ನಿಂತಿತೆಂದು ದೇವರಿಗೇ ಗೊತ್ತು. ಆದರೆ ಒಬ್ಬ ಮನುಷ್ಯ ತನ್ನ ಗಾಡಿಯನ್ನು ಇನ್ನೊಬ್ಬನ ಕೈಗೆ ಕೊಟ್ಟು ಕುಕ್ಕರಗಾಲಲ್ಲಿ ಎದುರಿಗೆ ಕೂತು ಅವನ ಮುಖವನ್ನೇ ನೋಡುವುದಿದೆಯಲ್ಲ, ಆ ಸುಖ ಗುಮಾಸ್ತನಾಗಿ ದುಡಿಯುವ ತಹಸೀಲ ಕಚೇರಿಯಲ್ಲಿ ಅವನಿಗೆ ಎಂದೂ ಸಿಕ್ಕಿರಲಿಲ್ಲ.

ಎಂದೂ ಎಂದರೆ ಸುಳ್ಳಾದೀತು. ನಿಜಾಮರ ಕಾಲದಲ್ಲಿ ಸಿಕ್ಕಿತ್ತು. ಲಾಲಪ್ಪನ ಉರ್ದು ಅಕ್ಷರ ನೋಡಲಿಕ್ಕೆಂದೇ ಕಚೇರಿಯ ಪೇಶಕಾರರು ಕಡತ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ಕುರಿ ಕಾಯುವ ಮಾನಪ್ಪನ ಮಗ ಇಂಥ ಅಕ್ಷರ ಬರೆಯುತ್ತಾನೆ ಎಂದು ದೊಡ್ಡ ಸಾಹೇಬರೊಬ್ಬರು ಅಚ್ಚರಿಪಟ್ಟಿದ್ದರು. ಆಮೇಲೆ ಆ ರಾಜ್ಯ ಹೋಯಿತು. ಹೋಗಲಿ, ಹೋಗಬೇಕಾದದ್ದೇ, ಅದಕ್ಕಾಗಿ ಅವನು ಅತ್ತವನಲ್ಲ. ಆದರೆ ಅದರ ಜೊತೆಗೆ ತನ್ನ ಬಲಗೈಯೂ ಹೋಗುತ್ತದೆಂದು ಯಾರೂ ಮೊದಲೇ ಹೇಳಿರಲಿಲ್ಲ. ಕಚೇರಿಯ ಬರಹ ಕನ್ನಡಕ್ಕೆ ತಿರುಗಿತು, ಹುಟ್ಟಿದಾಗಿನಿಂದ ಆಡಿದ ಕನ್ನಡವನ್ನು ಮೂವತ್ತು ದಾಟಿದ ಮೇಲೆ ಬರೆಯಲು ಕಲಿಯಬೇಕಾಯಿತು. ಶಾಲೆಯ ಮಹಾದೇವಪ್ಪ ಮಾಸ್ತರರು ಸಂಜೆ ಹೊತ್ತು ಕಚೇರಿಯವರಿಗೆ ಅಕ್ಷರ ಹೇಳಿಕೊಡಲು ಬರುತ್ತಿದ್ದರು. ಒಳ್ಳೆಯ ಮನುಷ್ಯ, ಯಾರ ಮೇಲೂ ಕೈ ಎತ್ತಿದವರಲ್ಲ. ಒಂದು ಸಂಜೆ ಲಾಲಪ್ಪ ಬಳಪದಿಂದ ಬರೆದ ಪಾಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿ, "ನೋಡ್ರಿ, ಲಾಲಪ್ಪನ ಅಕ್ಷರ ಕುಡದು ಬಂದಂಗ ಓಲಾಡಾಕತ್ತಾವ" ಎಂದರು. ಎಲ್ಲರೂ ನಕ್ಕರು. ಲಾಲಪ್ಪನೂ ನಕ್ಕ. ಆ ನಗು ಇನ್ನೂ ಅವನ ದವಡೆಯಲ್ಲಿ ಕೂತಿತ್ತು.

"ಮಾಸ್ತರ್ರ ಬಂದ್ರು" ಎಂದು ಯಾರೋ ಅಂದರು. ಮಹಾದೇವಪ್ಪ ಮಾಸ್ತರರು ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ಸೈಕಲ್ಲಿನಿಂದ ಬಿದ್ದಾಗ ಆದ ಕೆಳದುಟಿಯ ಗಾಯ ಒಣಗಿ ಕಪ್ಪಾಗಿತ್ತು. ಬಾಯಿ ತೆರೆದರೆ ಮುಂದಿನ ಹಲ್ಲುಗಳ ಜಾಗದಲ್ಲಿ ಕಿಂಡಿ. ಅದು ಕಾಣಬಾರದೆಂದು ಹೆಗಲ ಮೇಲಿನ ಉಪರಣೆಯ ಚುಂಗನ್ನು ಬಾಯಿಗೆ ಹಿಡಿದುಕೊಂಡೇ ಮಾತಾಡುತ್ತಿದ್ದರು. ಪಾಠ ಹೇಳುವವರು, ಮಕ್ಕಳೆದುರು ಏನು ಮಾಡುತ್ತಾರೋ.

"ಮಾಸ್ತರ್ರ, ನೀವು ಬಿದ್ದು ಮಲಗಿದ್ರೆಲ್ಲ, ಗಾಡಿ ತೊಳಸೀರಿಲ್ಲೋ?" ಎಂದು ಭಾಗಣ್ಣ ಕೇಳಿದ. ಮಾಸ್ತರರು ಹಾಸಿಗೆ ಹಿಡಿದಿದ್ದಾಗ ಉಳಿದವರೆಲ್ಲರ ಗಾಡಿಗಳನ್ನು ಶಹಾಪುರದ ಸೈಕಲ್ ಅಂಗಡಿಯವನು ಬಂದು ಬಿಚ್ಚಿ, ಚಿಮಣಿ ಎಣ್ಣೆಯಲ್ಲಿ ತೊಳೆದು ಕೊಟ್ಟು ಹೋಗಿದ್ದ.

"ನಮ್ಮಾಕಿ ಬೂದಿ ಹಚ್ಚಿ ತಿಕ್ಕಿ ತೊಳದಾಳ್ರಿ" ಎಂದರು ಮಾಸ್ತರರು, ಉಪರಣೆಯ ಹಿಂದಿನಿಂದ.

ಪಂಡಿತರೆಲ್ಲ ಸುತ್ತ ನೆರೆದರು. ಅಯ್ಯಣ್ಣ ಬಗ್ಗಿ ನೋಡಿ, "ಕನ್ನಡಿ ಹಂಗ ಮಿಂಚಾಕತ್ತದ. ಇದಕ್ಕ ಇನ್ನೇನೂ ಬ್ಯಾಡ" ಎಂದ. ನಿಜ, ರಿಮ್ಮು ಮಿಂಚುತ್ತಿತ್ತು, ಕಡ್ಡಿಗಳು ಮಿಂಚುತ್ತಿದ್ದವು. ಆದರೆ ಹಿಂದಿನ ಗಾಲಿಯ ನಡುವೆ, ಫ್ರೀವ್ಹೀಲಿನ ಸಂದಿಯಲ್ಲಿ, ಹಳದಿ ಮಿಶ್ರಿತ ಕಂದು ಬಣ್ಣದ ಒಂದು ಗೆರೆ ಲಾಲಪ್ಪನಿಗೆ ಕಂಡಿತು. ಬೂದಿಗೆ ಹೋಗುವಂಥದ್ದಲ್ಲ ಅದು. ಬಾಯಿ ತೆರೆದ. ಅಷ್ಟರಲ್ಲಿ ಭಾಗಣ್ಣ ಅವನ ಕಡೆ ನೋಡಿದ, ಬರೀ ನೋಡಿದ. ಲಾಲಪ್ಪ ಬಾಯಿ ಮುಚ್ಚಿದ. ಏನಂತ ಹೇಳಬೇಕಿತ್ತು? ಮಾಸ್ತರರು ಬಿದ್ದದ್ದು ರಸ್ತೆಯ ತಪ್ಪು, ಗಾಡಿ ಹಳೆಯದು, ಏರಿನಲ್ಲಿ ಎದ್ದು ನಿಂತು ತುಳಿಯಬಾರದಿತ್ತು ಎಂದು ಸಭೆಯಲ್ಲಿ ಗಂಟಲು ಹರಿಯುವಂತೆ ವಾದಿಸಿದವನು ತಾನೇ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಯಾರೋ ಹಿಂದಿನಿಂದ ಅಂದಿದ್ದರು. ಈಗ ಆ ಗೆರೆ ತೋರಿಸಿದರೆ ಮೀಸೆಯೇನು, ಮುಖವೆಲ್ಲ ಮಣ್ಣು.

ಮೆರವಣಿಗೆ ಹೊರಟಿತು. ಲಾಲಪ್ಪ ಕೊನೆಯಲ್ಲಿ, ಅವನ ಮುಂದೆಯೇ ಮಾಸ್ತರರು. ಬೇಕೆಂದೇ ಅವನು ಆ ಜಾಗ ಹಿಡಿದಿದ್ದ. ರಸ್ತೆ ಕೆಂಪು ಮೊರಮಿನದು, ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟಿತ್ತು, ಎಳೆಯ ಬಿಳಿಜೋಳ ಹೊಲ ಹಿಡಿದಿತ್ತು. ಅವನು ಹೊಲ ನೋಡಲಿಲ್ಲ. ಕಿವಿ ನೋಡುತ್ತಿತ್ತು. ತುಳಿಯುವುದು ನಿಲ್ಲಿಸಿ ಗಾಡಿಯನ್ನು ಹರಿಯಬಿಟ್ಟರೆ ಫ್ರೀವ್ಹೀಲು ಟಿಕ್ ಟಿಕ್ ಅನ್ನಬೇಕು. ಒಳಗೆ ಎರಡು ಸಣ್ಣ ಉಕ್ಕಿನ ನಾಲಿಗೆಗಳು ಹಲ್ಲಿನಿಂದ ಹಲ್ಲಿಗೆ ಜಿಗಿಯುವ ಸದ್ದು ಅದು. ಆ ನಾಲಿಗೆ ಹಲ್ಲಿಗೆ ಸಿಕ್ಕರೆ ಗಾಲಿ ತಿರುಗುತ್ತದೆ. ಅಂಟಿಗೆ ಮೆತ್ತಿ ಒಳಗೇ ಮಲಗಿತೆಂದರೆ ಮನುಷ್ಯ ತುಳಿದದ್ದೆಲ್ಲ ಗಾಳಿಗೆ. ಮಾಸ್ತರರ ಗಾಲಿ ಸದ್ಯಕ್ಕೆ ಅನ್ನುತ್ತಿತ್ತು, ಬಾಯಲ್ಲಿ ಬೆಲ್ಲ ಇಟ್ಟುಕೊಂಡವರ ಮಾತಿನಂತೆ ಮೆತ್ತಗೆ.

ತಿಂಥಣಿಯ ದಾರಿಯಲ್ಲೂ ಹೀಗೆಯೇ ಇತ್ತಲ್ಲ. ಇವತ್ತಿನ ಸವಾರಿಗೆ ರೂಢಿಯಾಗಲಿ ಎಂದು ಅಲ್ಲಿಯವರೆಗೆ ಹೋಗಿ ಬರುವುದಿತ್ತು. ಅದಕ್ಕೂ ಮುಂಚೆ ಲಾಲಪ್ಪ ಎಲ್ಲ ಗಾಡಿಗಳ ಗಾಲಿಗಳಿಗೂ ಗಾಣದ ಕುಸುಬಿ ಎಣ್ಣೆ ಕುಡಿಸಿದ್ದ. ಅಂಗಡಿಯ ಮಷೀನ್ ಎಣ್ಣೆ ಯಾಕೆ ಬೇಕು, ನಮ್ಮ ಹೊಲದ ಎಣ್ಣೆ ಮನುಷ್ಯನ ಕೀಲಿಗೆ ಹಿಡಿಯುತ್ತದೆ, ಗಾಲಿಯ ಕೀಲಿಗೆ ಹಿಡಿಯುವುದಿಲ್ಲವೇ ಎಂದು ಭಾಷಣವನ್ನೂ ಮಾಡಿದ್ದ. ಎಲ್ಲರೂ ತಲೆದೂಗಿದ್ದರು. ಆಮೇಲೆ ಮಳೆ ಹಿಡಿದು ಸವಾರಿಯ ದಿನ ಮುಂದೆ ಹೋಯಿತು. ಗಾಡಿಗಳು ನಿಂತಲ್ಲೇ ನಿಂತವು, ಎಣ್ಣೆ ಒಳಗೇ ಕಟ್ಟಿತು. ಕಟ್ಟುತ್ತದೆಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇದೇ ಅವನನ್ನು ತಿನ್ನುತ್ತಿದ್ದದ್ದು. ಅಪ್ಪ ಮಾನಪ್ಪ ಬಾವಿಯಿಂದ ನೀರೆತ್ತುವ ತೊಗಲಿನ ಬಾನಿಗೆ ಕುಸುಬಿ ಎಣ್ಣೆ ಕಾಸಿ ಬಳಿದು ಬಿಸಿಲಿಗಿಡುತ್ತಿದ್ದ. ಒಣಗಿ ಮೇಲೊಂದು ಚರ್ಮವೇ ಬರುತ್ತಿತ್ತು, ನೀರು ಸೋರುತ್ತಿರಲಿಲ್ಲ. ಆ ಚರ್ಮವನ್ನು ಉಗುರಿನಿಂದ ಕೆರೆದು ಅಪ್ಪನ ಕೈಯಿಂದ ಪೆಟ್ಟು ತಿಂದವನು ಲಾಲಪ್ಪ. ಆ ಉಗುರಿಗೆ ಗೊತ್ತಿದ್ದದ್ದು ಆ ದಿನ ತಲೆಗೆ ಯಾಕೆ ಏರಲಿಲ್ಲ? ಮಾಸ್ತರರ ಗಾಲಿಗೆ ಎಣ್ಣೆ ಬಿಡುವಾಗ ಪಾಟಿಯ ನೆನಪಾಗಿತ್ತು. ಅದೂ ನಿಜ. ಸ್ವಲ್ಪ ಹೆಚ್ಚೇ ಬಿಟ್ಟನೇ? ಸೇಡು ತೀರಿಸಿಕೊಂಡ ಎಂದು ಊರು ಅನ್ನುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಅವನು ಪ್ರತಿ ಸಲವೂ ಬೆಚ್ಚುತ್ತಿದ್ದ. ತಿಂಥಣಿಗೆ ಹೋಗುವಾಗ ಇಳಿಜಾರು ಇಳಿದು ಏರು ಶುರುವಾದಲ್ಲಿ ಮಾಸ್ತರರು ಎದ್ದು ನಿಂತು ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿದರು. ಪೆಡಲು ಗಪ್ಪನೆ ಕುಸಿಯಿತು. ಬಾಯಿ ಹ್ಯಾಂಡಲ್ಲಿಗೆ ಬಡಿದ ಸದ್ದು ಹಿಂದೆ ಇದ್ದವರಿಗೂ ಕೇಳಿತು.

ಶಹಾಪುರದಲ್ಲಿ ಹಾರ, ಚಹಾ, ಜಯಕಾರ. ಊರ ಬೆನ್ನಿಗೆ ಮಲಗಿದ ಮನುಷ್ಯನಂಥ ಗುಡ್ಡ ಎಂದಿನಂತೆ ಆಕಾಶ ನೋಡುತ್ತ ಮಲಗಿತ್ತು. ಅದಕ್ಕೆ ಯಾವ ರಾಜ್ಯವಾದರೂ ಒಂದೇ. ಮಾಸ್ತರರು ಚಹಾವನ್ನು ಬಾಯಿಯ ಒಂದು ಮೂಲೆಯಿಂದ ಹೀರುತ್ತಿದ್ದರು, ಕಿಂಡಿಯಿಂದ ಸೋರಿ ಗದ್ದದ ಮೇಲೆ ಇಳಿಯುತ್ತಿತ್ತು. ಲಾಲಪ್ಪ ಹತ್ತಿರ ಹೋದ. "ಮಾಸ್ತರ್ರ" ಎಂದ. ಅವರು ತಿರುಗಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದೇ ತಾಳದಾಯಿತು. "ಚಹಾ ಬಿಸಿ ಅದೇನ್ರಿ?" ಎಂದು ಕೇಳಿ ವಾಪಸು ಬಂದ. ಥೂ, ಎಂದು ತನ್ನನ್ನು ತಾನೇ ಬೈದುಕೊಂಡ. ಹೇಳಿದರೆ ನಾನು ಸುಳ್ಳುಗಾರನಾಗುತ್ತೇನೆ, ಹೇಳದಿದ್ದರೆ ಅವರ ಉಳಿದ ಹಲ್ಲುಗಳೂ ಹೋಗುತ್ತವೆ. ಇದರಲ್ಲಿ ತೂಗಿ ನೋಡುವುದೇನಿದೆ? ಆದರೂ ತೂಗುತ್ತಿದ್ದ. ಬಿಸಿಲು ಏರಿತ್ತು. ಶಹಾಪುರ ಹಿಂದೆ ಬಿತ್ತು. ಮುಂದಿನವರ ಗಾಡಿಗಳ ಧೂಳೆಲ್ಲ ಮಾಸ್ತರರ ಗಾಲಿಗೆ ಬಂದು ಕೂಡುತ್ತಿತ್ತು, ಅಂಟಿಗೆ ಧೂಳು ಸೇರಿದರೆ ಗಾರೆಯೇ. ಟಿಕ್ ಟಿಕ್ ಈಗ ಇನ್ನೂ ಮೆತ್ತಗಾಗಿತ್ತು. ನಡುನಡುವೆ ತಪ್ಪುತ್ತಿತ್ತು.

ರಸ್ತೆ ಒಂದು ಹಳ್ಳಕ್ಕೆ ಇಳಿಯಿತು. ಇಳಿಜಾರು ಉದ್ದ, ಆಚೆ ಕಡೆ ಏರು ಕಡಿದು. ಎಲ್ಲರೂ ಕಾಲು ನಿಲ್ಲಿಸಿ ಗಾಡಿಗಳನ್ನು ಹರಿಯಬಿಟ್ಟರು, ಬಾವುಟಗಳು ಪಟಪಟ ಬಡಿದವು, ಎಲ್ಲರ ಗಾಲಿಗಳೂ ಒಟ್ಟಿಗೆ ಮಿಡತೆಯ ಹಿಂಡಿನಂತೆ ಸದ್ದು ಮಾಡಿದವು. ಲಾಲಪ್ಪ ಆ ಸದ್ದಿನೊಳಗೆ ಒಂದನ್ನೇ ಹುಡುಕಿದ. ಇರಲಿಲ್ಲ. ಮಾಸ್ತರರ ಗಾಲಿ ಮೂಕವಾಗಿ ಇಳಿಯುತ್ತಿತ್ತು. ಕೆಳಗೆ ಹಳ್ಳದ ಮರಳು, ಅದನ್ನು ದಾಟಿದರೆ ಏರು, ಏರಿಗೆ ಮಾಸ್ತರರು ಎದ್ದು ನಿಲ್ಲುತ್ತಾರೆ. ಅವರ ರೂಢಿಯೇ ಅದು. ಲಾಲಪ್ಪನಿಗೆ ಆಮೇಲೆ ಯೋಚನೆ ಮಾಡಿದ ನೆನಪಿಲ್ಲ. ಇಳಿಜಾರಿನಲ್ಲೇ ಜೋರಾಗಿ ತುಳಿದ. ಮಾಸ್ತರರ ಮಗ್ಗುಲಿಗೆ ಬಂದಿದ್ದ ಅಯ್ಯಣ್ಣನನ್ನು ಸವರಿಕೊಂಡು ಹೋದ, ಯಾರೋ ಬೈದರು, ಮಾಸ್ತರರನ್ನು ಹಿಂದೆ ಹಾಕಿ ಹಳ್ಳದ ಮರಳಿನಲ್ಲಿ ಗಾಡಿಯನ್ನು ಅಡ್ಡ ಹಾಕಿ ನಿಂತ. ಮಾಸ್ತರರು ಎರಡೂ ಬ್ರೇಕು ಹಿಡಿದು, ಕಾಲು ಊರಿ, ಓಲಾಡಿ ನಿಂತರು. ಉಪರಣೆ ಬಾಯಿಯಿಂದ ಜಾರಿ ಬಿತ್ತು.

"ಏನೋ ಇದು, ಲಾಲಪ್ಪ?" ಭಾಗಣ್ಣ ಮುಂದಿನಿಂದ ಗಾಡಿ ತಿರುಗಿಸಿಕೊಂಡು ಬಂದ. "ಆಗ ಬೀಳಿಸಿದ್ದು ಸಾಲಲಿಲ್ಲೇನು?"

"ಮಾಸ್ತರ್ರ, ಇಳೀರಿ" ಎಂದ ಲಾಲಪ್ಪ. ಭಾಗಣ್ಣನ ಕಡೆ ನೋಡಲೇ ಇಲ್ಲ.

"ಗಾಡಿಗೆ ಕೈ ಹಚ್ಚಬ್ಯಾಡ ಅಂತ ಹೇಳಿಲ್ಲೇನು ನಿನಗ?"

"ಹೇಳೀರಿ. ಕೇಳೀನಿ. ಮಾಸ್ತರ್ರ, ಇಳೀರಿ."

ಮಾಸ್ತರರು ಇಳಿದರು. ಪಂಡಿತರು ಆಗಲೇ ಶುರು ಮಾಡಿದ್ದರು. ಚೈನು ಬಿಗಿಯಾಗ್ಯಾದ ಎಂದ ಒಬ್ಬ. ಬ್ರೇಕು ಹತ್ತಾಕತ್ತದ ಎಂದ ಇನ್ನೊಬ್ಬ. ಏನೂ ಆಗಿಲ್ಲ, ಬೆಳಿಗ್ಗಿ ನಾನೇ ನೋಡೀನಲ್ಲ ಎಂದ ಅಯ್ಯಣ್ಣ. ಇಳಿದಾಗ ರೂಢಿಯಂತೆ ಜೇಬು ಸೇರಿದ್ದ ಕೈಗಳನ್ನು ಲಾಲಪ್ಪ ಹೊರಗೆ ತೆಗೆದ. ಒಂದು ಕೈಯಿಂದ ಸೀಟು ಹಿಡಿದು ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿದ, ಇನ್ನೊಂದರಿಂದ ಪೆಡಲು ತಿರುವಿದ. ಪೆಡಲು ತಿರುಗಿತು, ಚೈನು ತಿರುಗಿತು. ಗಾಲಿ ಸುಮ್ಮನೆ ನಿಂತಿತ್ತು. ಇನ್ನೊಮ್ಮೆ ತಿರುವಿದ. ಗಾಲಿ ಅಲುಗಲಿಲ್ಲ. ಪಂಡಿತರ ಬಾಯಿ ಬಂದಾಯಿತು.

"ಇದು ಕುಸುಬಿ ಎಣ್ಣಿ" ಎಂದ ಲಾಲಪ್ಪ. ದನಿ ಅವನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ಒಣಗಿ ಅಂಟು ಕಟ್ಟೇದ. ಹಾಕಿದಾಂವ ನಾ. ತಿಂಥಣಿ ದಾರ್‍ಯಾಗ ಬೀಳಿಸಿದ್ದೂ ಇದೇ. ರಸ್ತಾದ್ದು ತಪ್ಪಲ್ಲ, ಗಾಡೀದಲ್ಲ. ನಂದು. ಕೇಳಿದ್ರಿಲ್ಲೋ? ಇನ್ನೊಮ್ಮಿ ಹೇಳಂಗಿಲ್ಲ."

ಮಾಸ್ತರರು ಉಪರಣೆ ಎತ್ತಿಕೊಳ್ಳದೆಯೇ, ಕಿಂಡಿ ಬಾಯಿಯನ್ನು ತೆರೆದೇ ಕೇಳಿದರು. "ಬೇಕಂತ ಹಾಕಿದ್ದೇನು, ಲಾಲಪ್ಪ?"

ಇಷ್ಟು ದಿನ ಅವನು ತನ್ನನ್ನೇ ಕೇಳಿಕೊಂಡ ಪ್ರಶ್ನೆ ಅದು. ಹಾಸಿಗೆಯಲ್ಲಿ, ಕಚೇರಿಯಲ್ಲಿ, ರೊಟ್ಟಿ ಮುರಿಯುವಾಗ. ಇಲ್ಲ ಅನ್ನುವುದು ಸುಲಭವಿತ್ತು. ಹೌದು ಅಂದುಬಿಡುವುದೂ ಒಂದು ಸುಖವೇ. ಮಾಸ್ತರರ ಮುಖ ನೋಡುತ್ತಿದ್ದಂತೆ ಉತ್ತರ ತಾನಾಗಿ ಬಂತು. "ಎಣ್ಣಿ ಬಿಡುವಾಗ ನಿಮ್ಮ ಮ್ಯಾಲ ಸಿಟ್ಟಿತ್ರಿ. ಪಾಟಿ ಎತ್ತಿ ತೋರ್ಸಿದ್ರೆಲ್ಲ, ಆ ಸಿಟ್ಟು. ಅದು ಇನ್ನೂ ಅದ. ಆದ್ರ ಗಾಡಿ ಮ್ಯಾಲ ಸಿಟ್ಟಿರಲಿಲ್ಲ. ಗಾಡಿಗೆ ಚಲೋ ಆಗ್ಲಿ ಅಂತನೇ ಹಾಕೀನಿ."

ಪಾಟಿಯ ಸಂಗತಿ ಮಾಸ್ತರರಿಗೆ ನೆನಪಿತ್ತೋ ಇಲ್ಲವೋ, ಮುಖ ಮಾತ್ರ ಕೆಂಪಾಯಿತು. "ಸರಿ ಮಾಡಾಕ ಬರ್ತದೇನು?" ಎಂದರು.

"ನನಗೂ ಗೊತ್ತಿಲ್ಲ, ಇವರಿಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ನಾ ಹೇಳ್ತೀನಿ, ಇವರು ಹೇಳಂಗಿಲ್ಲ."

ಚಿಮಣಿ ಎಣ್ಣೆ ಅಲ್ಲೆಲ್ಲೂ ಇರಲಿಲ್ಲ. ಬಿಚ್ಚಲು ಬೇಕಾದ ಸಾಮಾನೂ ಇರಲಿಲ್ಲ. ಲಾಲಪ್ಪ ಗಾಡಿಯನ್ನು ತಲೆಕೆಳಗು ಮಾಡಿ ಮರಳಿನಲ್ಲಿ ನಿಲ್ಲಿಸಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಒಳಗಿನ ಉಕ್ಕಿನ ನಾಲಿಗೆ ಹಿಡಿಯದಿದ್ದರೆ ಹಿಡಿಯದೆ ಹೋಗಲಿ. ಫ್ರೀವ್ಹೀಲಿನ ಹೊರಗಿನ ಹಲ್ಲುಗಳನ್ನೇ ಗಾಲಿಯ ಕಡ್ಡಿಗಳಿಗೆ ಕಟ್ಟಿಬಿಟ್ಟರೆ? ತುಳಿದರೆ ಗಾಲಿ ತಿರುಗಲೇಬೇಕು. ಕಟ್ಟಲು ಗಟ್ಟಿ ದಾರ ಬೇಕು. ರೊಟ್ಟಿಯ ಗಂಟಿನ ಅರಿವೆ ನೋಡಿದ, ಹರಿಯುವಂಥದ್ದು. ಬಾವುಟದ ಬಟ್ಟೆ ಮುಟ್ಟುವಂತಿರಲಿಲ್ಲ. ಹಾಗೆ ನೋಡುತ್ತ ಅವನ ಕೈ ಅಂಗಿಯ ಕೆಳಗೆ ಸೊಂಟಕ್ಕೆ ಹೋಯಿತು. ಉಡದಾರ. ಅವ್ವ ಹೊಸೆದು ಕಟ್ಟಿದ ಕರಿ ನೂಲಿನದು, ಎತ್ತು ಕಟ್ಟಿದರೂ ಹರಿಯದು. ಗಂಡಸಿನ ಉಡದಾರ ಸೊಂಟ ಬಿಡುವುದು ಚಟ್ಟದ ಮೇಲೆಯೇ ಎಂದು ಅವ್ವ ಅನ್ನುತ್ತಿದ್ದಳು. ಅಪ್ಪನದನ್ನು ಕೊಯ್ದದ್ದು ಅವನು ಕಣ್ಣಾರೆ ಕಂಡಿದ್ದ. ಒಂದು ಗಳಿಗೆ ಕೈ ನಿಂತಿತು. ಆಮೇಲೆ ಗಂಟು ಬಿಚ್ಚಿ ಎಳೆದು ತೆಗೆದ. ಗಾಲಿಗೆ ಸುತ್ತಿದರೆ ಮೂರೇ ಸುತ್ತಿನಲ್ಲಿ ಮುಗಿದುಹೋಯಿತು.

"ನಿಮ್ಮವೂ ಬಿಚ್ರಿ" ಎಂದ, ತಲೆ ಎತ್ತದೆ.

"ಏನಂದಿ?" ಎಂದ ಭಾಗಣ್ಣ.

"ಉಡದಾರ. ಎಲ್ಲಾರೂ."

"ಹುಚ್ಚು ಹಿಡದದೇನು ಇವನಿಗೆ? ಇಂಥಾ ದಿವಸ ಅಪಶಕುನ" ಎಂದ ಅಯ್ಯಣ್ಣ. ಮೊದಲು ಅಂಗಿ ಎತ್ತಿದವರು ಮಾಸ್ತರರೇ. ಹಣ್ಣು ಹಣ್ಣಾದ ಕೆಂಪು ಉಡದಾರ, ಬಿಚ್ಚಿ ಲಾಲಪ್ಪನ ಕೈಗೆ ಕೊಟ್ಟರು. ಆಮೇಲೆ ಒಬ್ಬೊಬ್ಬರೇ ಬೆನ್ನು ತಿರುಗಿಸಿ, ಲಂಗೋಟಿ ಜಾರದಂತೆ ಧೋತರದ ಗಂಟು ಬಿಗಿ ಮಾಡಿಕೊಳ್ಳುತ್ತ, ಬೈದುಕೊಳ್ಳುತ್ತ ಬಿಚ್ಚಿದರು. ಅಯ್ಯಣ್ಣನೂ ಬಿಚ್ಚಿದ. ಭಾಗಣ್ಣ ಎಲ್ಲರ ಮುಖ ನೋಡಿ, ಕೊನೆಗೆ ತನ್ನ ಅಂಗಿಯನ್ನೂ ಎತ್ತಿದ. ಬೆಳ್ಳಿಯ ಉಡದಾರ ಬಿಸಿಲಿಗೆ ಹೊಳೆಯಿತು.

"ಬೆಳ್ಳೀದು ಬ್ಯಾಡ್ರಿ, ಜಾರ್ತದ" ಎಂದ ಲಾಲಪ್ಪ.

ಕಡ್ಡಿಯಿಂದ ಹಲ್ಲಿಗೆ, ಹಲ್ಲಿನ ಹಿಂದಿನಿಂದ ಮತ್ತೆ ಕಡ್ಡಿಗೆ, ಚೈನಿಗೆ ಸಿಗದಂತೆ, ಬಾವಿಯ ಬಾನಿಗೆ ಅಪ್ಪ ಹಗ್ಗ ಬಿಗಿಯುತ್ತಿದ್ದ ಹಾಗೆ ಬಿಗಿದ. ಬೆವರು ಕಣ್ಣಿಗಿಳಿಯಿತು. ಬೆರಳುಗಳಿಗೆ ಕುಸುಬಿಯ ಅಂಟು ಮೆತ್ತಿತು, ಅದೇ ಹಳೆಯ ವಾಸನೆ. ಇದು ಹಿಡಿಯುತ್ತದೋ ಇಲ್ಲವೋ ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಹಿಡಿಯದಿದ್ದರೆ ಇವರು ಮತ್ತೆ ನಗುತ್ತಾರೆ, ನಗಲಿ. ನಗುವವರ ಎದುರಿಗೇ ಇನ್ನೊಮ್ಮೆ ಕಟ್ಟುತ್ತೇನೆ ಎಂದುಕೊಂಡ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಮೊದಲು ತಾನೇ ಹತ್ತಿದ. ಏರಿನಲ್ಲಿ ಎದ್ದು ನಿಂತು ಮೈಭಾರವನ್ನೆಲ್ಲ ಹಾಕಿ, ಹಲ್ಲು ಹೋದರೆ ತನ್ನವೇ ಹೋಗಲಿ ಎಂದು ತುಳಿದ. ದಾರ ಕಿರಗುಟ್ಟಿತು, ಹಿಡಿಯಿತು, ಗಾಲಿ ಹೊರಳಿತು. ದಿಬ್ಬದ ತಲೆಯವರೆಗೆ ಹೋಗಿ ಇಳಿದು ನಿಂತ. ಉಳಿದವರು ಅವನ ಗಾಡಿಯನ್ನೂ ತಳ್ಳಿಕೊಂಡು ಹತ್ತಿ ಬಂದರು.

"ಈಗ ಇದಕ್ಕ ಕಾಲು ನಿಲ್ಲಸಾಕ ಬರಂಗಿಲ್ರಿ ಮಾಸ್ತರ್ರ" ಎಂದು ಗಾಡಿಯನ್ನು ಅವರ ಕೈಗೆ ಕೊಟ್ಟ. "ಗಾಲಿ ತಿರುಗೂತನಾ ಪೆಡಲೂ ತಿರುಗ್ತಾವ. ಇಳಿಜಾರಿನ್ಯಾಗೂ ಕಾಲು ಆಡಸ್ಕೋತನೇ ಇರ್ರಿ. ನಾ ಮಗ್ಗಲದಾಗ ಇರ್ತೀನಿ."

ಮಾಸ್ತರರು ಹತ್ತಿದರು. ಮೊದಲು ತಡವರಿಸಿದರು, ಆಮೇಲೆ ಕಾಲಿಗೆ ಲಯ ಸಿಕ್ಕಿತು. ಲಾಲಪ್ಪ ಅವರ ಪಕ್ಕದಲ್ಲೇ ಸಾಗಿದ, ಒಂದು ಕೈ ಅವರ ಸೀಟಿನ ಹಿಂದೆ. ದೂರದಲ್ಲಿ ಭೀಮೆಯ ನೀರಿನ ಗೆರೆ, ಅದರಾಚೆ ಯಾದಗಿರಿಯ ಕೋಟೆಗುಡ್ಡ ಕಂಡಿತು. ಹಿಂದೆ ಉಡದಾರವಿಲ್ಲದ ಸಂಘವೆಲ್ಲ ಒಂದು ಕೈಯಿಂದ ಧೋತರ ಹಿಡಿದುಕೊಂಡು ಬರುತ್ತಿತ್ತು. ಭಾಗಣ್ಣ ಜೋರಾಗಿ ತುಳಿದು ಬಂದು ಲಾಲಪ್ಪನ ಇನ್ನೊಂದು ಮಗ್ಗುಲಿಗೆ ಸೇರಿದ. ಅವನ ಮುಖ ಇನ್ನೂ ಬಿಗಿದುಕೊಂಡೇ ಇತ್ತು.

"ಆದದ್ದಾತು. ಆದ್ರ ಒಂದು ಹೇಳು. ಯಾರ ಹುಕುಂ ಮ್ಯಾಲ ಕೈ ಹಚ್ಚಿದಿ?"

"ಯಾರದೂ ಇಲ್ರಿ" ಎಂದ ಲಾಲಪ್ಪ. "ಮದಲ ಇತ್ತೇನು?"

ಭಾಗಣ್ಣ ಏನೋ ಹೇಳಲಿಕ್ಕೆ ಹೋದ. ಲಾಲಪ್ಪ ಕೇಳಲಿಲ್ಲ. ಅವನು ತಲೆ ಓರೆ ಮಾಡಿ ಹಿಂದಿನ ಗಾಡಿಗಳ ಸದ್ದಿಗೆ ಕಿವಿ ಕೊಟ್ಟಿದ್ದ.

"ಅಯ್ಯಣ್ಣ" ಎಂದು ತಿರುಗದೆಯೇ ಕೂಗಿದ. "ನಿನ್ನ ಚೈನ್ ಸಡಲ ಆಗ್ಯಾದ. ನಿಲ್ಲು ಅಲ್ಲೇ, ಬಂದೆ."